ನಾನು ಹೇಳದ ಥ್ಯಾಂಕ್ಸ್

ನನ್ನ ಬಾಯಿ ಜೋರು. ಮದುವೆಯಾದ ಹೊಸದರಲ್ಲೇ ಯಜಮಾನರಿಗೆ ಇದು ಗೊತ್ತಾಯಿತು. ಪಾಪ, ಕೊನೆಯವರೆಗೂ ಸಹಿಸಿಕೊಂಡು ಹೋದರು. ಈ ದೇಶಕ್ಕೆ ಬಂದ ಮೇಲೆ ಅದು ಇನ್ನಷ್ಟು ಜೋರಾಯಿತು, ಯಾಕೆಂದರೆ ನನಗೆ ಕೆಲಸ ಸಿಕ್ಕಿದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಒಗೆಯುವ ಯಂತ್ರಗಳು ಶುರುವಾದವೆಂದರೆ ಪಕ್ಕದವಳಿಗೆ ಒಂದು ಮಾತು ಹೇಳಲೂ ಗಂಟಲು ಹರಿಯುವ ಹಾಗೆ ಕೂಗಬೇಕು. ಒದ್ದೆ ಹಾಸುಬಟ್ಟೆಯನ್ನು ಬಿಸಿ ಉರುಳೆಗಳ ನಡುವೆ ಬಿಡುವುದು ಇಬ್ಬರ ಕೆಲಸ. ಈ ತುದಿ ನನ್ನದು, ಆ ತುದಿ ಇನ್ಯಾವುದೋ ದೇಶದಿಂದ ಬಂದ ಒಬ್ಬ ಎತ್ತರದ ಹೆಂಗಸಿನದು. ಅವಳನ್ನು ನಾನು ಉದ್ದಕ್ಕ ಎಂದು ಕರೆಯುತ್ತೇನೆ. ಅವಳೂ ನನ್ನನ್ನು ಏನೋ ಒಂದು ಕರೆಯುತ್ತಾಳೆ, ಅದರ ಅರ್ಥ ಕೇಳುವ ಧೈರ್ಯ ನಾನು ಮಾಡಿಲ್ಲ.

ಇಲ್ಲಿನ ಭಾಷೆ ನನಗೆ ಬರುವುದೇ ಇಲ್ಲವೆಂದಲ್ಲ. ತರಕಾರಿ ಕೊಳ್ಳುವಷ್ಟು, ಬಸ್ಸು ಹತ್ತುವಷ್ಟು, ಡಾಕ್ಟರ ಹತ್ತಿರ ಎಲ್ಲಿ ನೋಯುತ್ತದೆ ಎಂದು ಹೇಳುವಷ್ಟು ಬರುತ್ತದೆ. ಆದರೆ ಅದರಲ್ಲಿ ಜಗಳವಾಡಲು ಬರುವುದಿಲ್ಲ. ಜಗಳಕ್ಕೆ ತಾಯಿ ಕಲಿಸಿದ ಮಾತೇ ಬೇಕು. ನಾಲಿಗೆ ತಡವರಿಸಿದರೆ ಅರ್ಧ ಜಗಳ ಅಲ್ಲೇ ಸೋತ ಹಾಗೆ.

ಹಾಗಾಗಿ ನನ್ನ ಜಗಳಗಳನ್ನೆಲ್ಲ ನನ್ನ ಮಗ ಆಡಿದ. ಚಿಕ್ಕಂದಿನಿಂದಲೂ ಅದೇ ಪದ್ಧತಿ. ನಾನು ಹೇಳುವುದು, ಅವನು ಇವರ ಭಾಷೆಗೆ ತಿರುಗಿಸುವುದು. ಮನೆ ಮಾಲೀಕ, ಶಾಲೆಯ ಹೆಡ್‌ಮಾಸ್ಟರು, ಕರೆಂಟು ಆಫೀಸಿನವರು, ಲಾಂಡ್ರಿಯ ಸೂಪರ್‌ವೈಸರು, ಯಾರನ್ನೂ ನಾನು ಬಿಟ್ಟವಳಲ್ಲ. ಈಗ ಆ ಮಗನ ಕಿವಿಯ ಪಕ್ಕವೇ ನರೆ ಕಾಣಿಸಿಕೊಂಡಿದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ, ಗಿರಾಕಿಗಳು ಅವನನ್ನೇ ಹುಡುಕಿಕೊಂಡು ಬರುತ್ತಾರೆ.

ಒಂದು ಸಂಗತಿ ಮಾತ್ರ ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತಿತ್ತು. ನಾನು ಎಷ್ಟೇ ಬೆಂಕಿ ಕಾರಿದರೂ ಎದುರಿಗೆ ಕೂತವರು ನಗುತ್ತಿದ್ದರು. ತಲೆಯಾಡಿಸುತ್ತಿದ್ದರು. ಒಬ್ಬ ಹೆಡ್‌ಮಾಸ್ಟರು ನನ್ನ ಕೈ ಕುಲುಕಿದ್ದೂ ಉಂಟು. ಎಂಥ ಎಮ್ಮೆ ಚರ್ಮದ ಜನವಪ್ಪಾ, ಬೈದರೂ ನಾಟುವುದಿಲ್ಲ ಎಂದುಕೊಂಡಿದ್ದೆ. ಇನ್ನೊಂದು: ನಾನು ಉಸಿರು ಬಿಡದೆ ಹೇಳಿದ್ದನ್ನು ಅವನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಈ ಜನರ ಭಾಷೆ ನೋಡು, ಎಷ್ಟು ಚುಟುಕು, ಎಷ್ಟು ಹರಿತ ಎಂದು ಒಳಗೊಳಗೇ ಮೆಚ್ಚಿಯೂ ಇದ್ದೆ. ದಡ್ಡಿ ನಾನು.

ಈ ದೇಶದವಳು ಎಂದು ಕಾಗದ ಕೊಟ್ಟ ವರ್ಷದಿಂದ ನಾನು ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಮೈಯಲ್ಲಿ ಜ್ವರ ಇಟ್ಟುಕೊಂಡು ಹೋಗಿದ್ದೇನೆ. ಯಜಮಾನರು ತೀರಿಕೊಂಡ ತಿಂಗಳಲ್ಲೇ ಚುನಾವಣೆ ಬಂದಾಗಲೂ ಕಣ್ಣು ಒರೆಸಿಕೊಂಡು ಹೋಗಿದ್ದೇನೆ. ನಮ್ಮ ಬೀದಿಯ ತುದಿಯಲ್ಲಿ ಶಾಲೆ, ಅದರ ಊಟದ ಕೋಣೆಯಲ್ಲಿ ಓಟಿನ ಪೆಟ್ಟಿಗೆ. ಅಕ್ಷರ ಓದಲು ಬಾರದಿದ್ದರೂ ಹೆಸರನ್ನು ಚಿತ್ರದ ಹಾಗೆ ಕಣ್ಣಲ್ಲಿ ಇಟ್ಟುಕೊಂಡು ಹೋಗಿ ಗುರುತು ಹಾಕುತ್ತಿದ್ದೆ. ಆ ಪರದೆಯ ಹಿಂದೆ ನನಗೆ ಮಗನ ಬಾಯಿ ಬೇಕಾಗಿರಲಿಲ್ಲ. ಅವನು ಶಾಲೆಯ ಗೇಟಿನವರೆಗೂ ಬಂದು ನಿಲ್ಲುತ್ತಿದ್ದ. "ನೀನು ಹಾಕ್ಬಾ ಅಮ್ಮ, ನಾನು ಕೆಲಸ ಮುಗಿಸ್ಕೊಂಡು ಬಂದು ಹಾಕ್ತೀನಿ," ಎನ್ನುತ್ತಿದ್ದ.

ಈ ಸಲ ಚುನಾವಣೆ ಹತ್ತಿರ ಬಂದಾಗ ಶಾಲೆಯ ಗೇಟಿಗೆ ಒಂದು ಪ್ರಕಟಣೆ ಅಂಟಿಸಿದರು. ಮೊಮ್ಮಗಳು ಅದನ್ನು ಓದಿಕೊಂಡು ಓಡಿ ಬಂದಳು. ಅವಳಿಗೆ ಈಗಷ್ಟೇ ಓಟಿನ ವಯಸ್ಸಾಗಿದೆ; ಮೊದಲ ಓಟು ಯಾರಿಗೆ ಎಂದು ತಿಂಗಳಿಂದ ನನ್ನ ಜೊತೆ ವಾದ ಮಾಡುತ್ತಿದ್ದಳು. "ಅಜ್ಜಿ, ನಮ್ಮ ಬೀದಿಯಿಂದ ಪೆಟ್ಟಿಗೆ ತೆಗೀತಿದ್ದಾರೆ. ಇನ್ಮೇಲೆ ಗುಡ್ಡದ ಮೇಲಿನ ಟೆನಿಸ್ ಕ್ಲಬ್ಬಿಗೆ ಹೋಗ್ಬೇಕಂತೆ."

ಗುಡ್ಡ ಇರುವುದು ಹೆದ್ದಾರಿಯ ಆಚೆ. ಅಲ್ಲಿಗೆ ಬಸ್ಸಿಲ್ಲ, ಯಾಕೆಂದರೆ ಅಲ್ಲಿಯವರಿಗೆಲ್ಲ ಕಾರಿದೆ. ನಮ್ಮ ಬೀದಿಯಲ್ಲಿರುವವರು ಲಾಂಡ್ರಿಯವರು, ಮಾಂಸ ಕತ್ತರಿಸುವ ಕಾರ್ಖಾನೆಯವರು, ಆಫೀಸುಗಳ ನೆಲ ಒರೆಸುವವರು. ಓಟಿನ ದಿನ ರಜೆಯೂ ಇಲ್ಲ. ಪಾಳಿ ಮುಗಿಸಿ, ಹೆದ್ದಾರಿ ದಾಟಿ, ಗುಡ್ಡ ಹತ್ತಿ ಓಟು ಹಾಕಿ ಬರುವವರು ಎಷ್ಟು ಜನ? ಇದು ಅವರಿಗೆ ಗೊತ್ತಿಲ್ಲದೆ ಮಾಡಿದ್ದಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ನಗರಸಭೆಯಲ್ಲಿ ಜನರ ಮಾತು ಕೇಳೋ ಸಭೆ ಇದೆಯಂತೆ," ಎಂದಳು ಮೊಮ್ಮಗಳು.

"ನಡಿ. ನಿಮ್ಮಪ್ಪನಿಗೆ ಫೋನ್ ಮಾಡು."

ನಗರಸಭೆಯ ಹಾಲಿನಲ್ಲಿ ನೆಲ ಎಷ್ಟು ನುಣುಪಾಗಿತ್ತೆಂದರೆ ನನ್ನ ಚಪ್ಪಲಿ ಕಿರ್ ಎಂದದ್ದು ಎಲ್ಲರಿಗೂ ಕೇಳಿಸಿತು. ಎತ್ತರದ ಮೇಜಿನ ಹಿಂದೆ ಸದಸ್ಯರು ಸಾಲಾಗಿ ಕೂತಿದ್ದರು. ನಡುವೆ ಅಧ್ಯಕ್ಷ. ಅವರ ಮುಖ ಹುಟ್ಟುವಾಗಲೇ ನಗುತ್ತ ಹುಟ್ಟಿರಬೇಕು, ಪಕ್ಕದವನು ಅವರ ಕಾಫಿ ಚೆಲ್ಲಿದಾಗಲೂ ಆ ನಗು ಅಲುಗಲಿಲ್ಲ. ನನ್ನ ಸರದಿ ಬಂತು. ಮಗ ಮೈಕಿನ ಪಕ್ಕ ಕೈಕಟ್ಟಿ ನಿಂತ.

ನಾನು ಶುರು ಮಾಡಿದೆ. "ಕೇಳ್ರಪ್ಪಾ. ನಿಮ್ಮ ಆಸ್ಪತ್ರೇಲಿ ನೀವು ಮಲಗೋ ಹಾಸಿಗೆ ಬಟ್ಟೆ ಒಗೆಯೋದು ನಮ್ಮ ಬೀದಿ. ನಿಮ್ಮ ರಕ್ತ, ನಿಮ್ಮ ವಾಂತಿ, ನಿಮ್ಮ ಹೆರಿಗೆ, ನಿಮ್ಮ ಸಾವು, ಎಲ್ಲಾ ಒಗೆದಿದ್ದೀವಿ. ಆಗ ನಮ್ಮ ಬೀದಿ ನಿಮಗೆ ದೂರ ಆಗ್ಲಿಲ್ಲ. ಓಟಿನ ಪೆಟ್ಟಿಗೆ ಇಡೋಕೆ ಮಾತ್ರ ದೂರ ಆಯ್ತಾ? ನಮ್ಮ ಓಟು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಕಳ್ಳರ ಹಾಗೆ ಪೆಟ್ಟಿಗೆ ಎತ್ಕೊಂಡು ಹೋಗ್ಬೇಡಿ. ನಾಚಿಕೆ ಆಗ್ಬೇಕು ನಿಮಗೆ!"

ಮಗ ಗಂಟಲು ಸರಿಮಾಡಿಕೊಂಡು ಎರಡು ಮಾತು ಹೇಳಿದ. ಅಧ್ಯಕ್ಷರು ನನ್ನತ್ತ ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಒಬ್ಬ ಹೆಂಗಸು "ಅಯ್ಯೋ ಪಾಪ" ಎನ್ನುವ ಹಾಗೆ ಮುಖ ಮಾಡಿದಳು. ಹಿಂದೆ ಕೂತವರು ಸಣ್ಣಗೆ ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಅಧ್ಯಕ್ಷರು ಏನೋ ಹೇಳಿದರು, ಮಗ ನನಗೆ ಹೇಳಿದ: "ಮುಂದಿನ ಸಭೇಲಿ ತೀರ್ಮಾನ ಮಾಡ್ತಾರಂತೆ ಅಮ್ಮ. ನಿಮ್ಮ ಬೀದಿಯಿಂದ ಓಟು ಹಾಕೋಕೆ ಬರೋವ್ರೇ ಕಡಿಮೆ, ಅದಕ್ಕೇ ತೆಗೆದ್ವಿ ಅಂತಿದ್ದಾರೆ."

"ಸುಳ್ಳು ಅಂತ ಹೇಳು!"

ಅವನು ಏನೋ ಹೇಳಿದ. ಅಧ್ಯಕ್ಷರು ಮತ್ತೆ ನಕ್ಕರು.

ಮಗ ಕಾರು ತರಲು ಹೋದ. ನಾನೂ ಮೊಮ್ಮಗಳೂ ಹೊರಗೆ ಮೆಟ್ಟಿಲ ಮೇಲೆ ನಿಂತೆವು. ಇಂಥ ಸಭೆಗೆ ಅವಳು ನಮ್ಮ ಜೊತೆ ಬಂದದ್ದು ಅದೇ ಮೊದಲು. ಒಳಗಿಂದ ಬಂದಾಗಿನಿಂದ ಹುಡುಗಿ ಉಗುರು ಕಚ್ಚುತ್ತಿದ್ದಳು.

"ಅಜ್ಜಿ, ನಿನಗೊಂದು ವಿಷಯ ಹೇಳ್ಲಾ? ಕೋಪ ಮಾಡ್ಕೋಬಾರ್ದು."

"ಕೋಪ ಬರೋ ವಿಷಯ ಆದ್ರೆ ಮಾಡ್ಕೊಳ್ದೆ ಏನು ಹಾಡು ಹೇಳ್ಲಾ? ಹೇಳು."

"ನೀನು ಹೇಳಿದ್ದನ್ನ ಅಪ್ಪ ಹೇಳ್ಲೇ ಇಲ್ಲ."

"ಮತ್ತೆ ಏನು ಹೇಳ್ದ?"

ಅವಳು ತಂದೆಯ ಮೆತ್ತನೆಯ ದನಿಯಲ್ಲೇ ಹೇಳಿದಳು: "ನಮ್ಮ ತಾಯಿಗೆ ವಯಸ್ಸಾಗಿದೆ, ಮಂಡಿ ನೋವಿದೆ. ಪೆಟ್ಟಿಗೆ ಶಾಲೇಲೇ ಇದ್ರೆ ಅವರಿಗೆ ಅನುಕೂಲ ಆಗುತ್ತೆ. ಸಾಧ್ಯ ಆಗ್ದಿದ್ರೂ ಪರವಾಗಿಲ್ಲ. ನೀವು ನಮಗೆ ಮಾಡಿರೋದಕ್ಕೆಲ್ಲ ಅವರು ಥ್ಯಾಂಕ್ಸ್ ಹೇಳ್ತಿದ್ದಾರೆ. ಅಷ್ಟೇ ಅಜ್ಜಿ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಮಂಡಿ! ನನ್ನ ಮಂಡಿಯ ಸುದ್ದಿ ಇವನಿಗೆ ಯಾರು ಎತ್ತಲು ಹೇಳಿದ್ದು? ಆ ಹೆಂಗಸು ಅಯ್ಯೋ ಪಾಪ ಎಂದದ್ದು ನನ್ನ ಮಂಡಿಗೆ. ಒಂದೊಂದೇ ನೆನಪಾಗತೊಡಗಿತು. ಕೈ ಕುಲುಕಿದ ಹೆಡ್‌ಮಾಸ್ಟರು. ಬೈಸಿಕೊಂಡು ಚಾಕಲೇಟು ಕೊಟ್ಟ ಕರೆಂಟು ಆಫೀಸಿನವನು. ಇಷ್ಟು ವರ್ಷ ನಾನು ಈ ಊರಿನಲ್ಲಿ ಹುಲಿಯ ಹಾಗೆ ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ಊರಿನವರ ಕಣ್ಣಿಗೆ ನಾನು ಕೈಮುಗಿಯುವ ಮುದುಕಿ.

ಕಾರಿನಲ್ಲಿ ನಾನು ಬಾಯಿ ಬಿಡಲಿಲ್ಲ. ಅದರಿಂದಲೇ ಮಗನಿಗೆ ಅರ್ಥವಾಗಿರಬೇಕು. ಮನೆಗೆ ಬಂದವನೇ ಅಡುಗೆಮನೆಗೆ ಹೋಗಿ, ಯಾರೂ ಹೇಳದೆ ಪಾತ್ರೆ ತೊಳೆಯಲು ನಿಂತ. ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

"ಯಾವಾಗಿಂದ?"

ಅವನು ಸುಳ್ಳು ಹೇಳಲಿಲ್ಲ. "ಮೊದಲಿಂದಾನೂ," ಎಂದ.

"ಮೊದಲಿಂದಾನೂ ಅಂದ್ರೆ? ನಾನು ಬೈದಿದ್ದು ಒಂದೂ ತಲುಪಿಲ್ವಾ?"

"ಒಂದು ತಲುಪಿದೆ." ಅವನು ಕೈ ಒರೆಸಿಕೊಂಡ. "ಆ ನೆಲಮಾಳಿಗೆ ಮನೆ ನೆನಪಿದೆಯಾ ಅಮ್ಮ? ಗೋಡೆಯೊಳಗೆ ಕೊಳಾಯಿ ಸೋರ್ತಿತ್ತು, ನನ್ನ ಹಾಸಿಗೆ ಪಕ್ಕ ಎಲ್ಲ ಬೂಷ್ಟು. ನೀನು ನನ್ನನ್ನ ಮಾಲೀಕನ ಮುಂದೆ ನಿಲ್ಲಿಸಿ, 'ಈ ಮನೇಲಿ ನಿನ್ನ ಹೆಂಡ್ತಿ ಮಕ್ಕಳನ್ನ ಒಂದು ದಿನ ಮಲಗಿಸು ನೋಡೋಣ, ಬಾಡಿಗೆ ಎಣಿಸೋವಾಗ ಮೂಗು ಮುಚ್ಕೊಳ್ಳಲ್ವಲ್ಲ' ಅಂತ ಹೇಳು ಅಂದೆ. ನಾನು ಹೇಳ್ದೆ. ಒಂದಕ್ಷರ ಬಿಡ್ದೆ ಹೇಳ್ದೆ. ಚೆನ್ನಾಗಿ ಹೇಳ್ದೆ ಅಂತ ಖುಷಿಯೂ ಆಯ್ತು. ಆ ವಾರಾನೇ ನಮ್ಮ ಸಾಮಾನು ಬೀದಿಗೆ ಬಂತು."

"ಅವನ ತಮ್ಮನಿಗೆ ಮನೆ ಬೇಕಾಗಿತ್ತು ಅಂತ..."

"ನಿನಗೆ ಹಾಗಂತ ಹೇಳಿದ್ದು ಯಾರು?"

ಹೇಳಿದ್ದು ಇವನೇ. ಎಂಟು ವರ್ಷದ ಹುಡುಗ. ಮಾಲೀಕ ಬಾಗಿಲಲ್ಲಿ ನಿಂತು ಕೂಗಾಡಿದ್ದನ್ನು ಅವತ್ತು ನಮಗೆ ತಿರುಗಿಸಿ ಹೇಳಿದ್ದೂ ಇವನೇ.

"ಅಪ್ಪ ಗಾಡೀಲಿ ಹಾಸಿಗೆ ತಳ್ಕೊಂಡು ಹೋದ್ರು. ಆ ಚಳಿ. ಆ ರಾತ್ರಿ ಯಾರದೋ ಗ್ಯಾರೇಜಲ್ಲಿ ಮಲಗಿದ್ವಿ. ಮಾತು ನಿನ್ನದು ಅಮ್ಮ, ಆದ್ರೆ ಹೋಗಿದ್ದು ನನ್ನ ಬಾಯಿಂದ. ನಾನು ಮೆತ್ತಗೆ ಹೇಳಿದ್ದಿದ್ರೆ ಮನೆ ಇರ್ತಿತ್ತು ಅಂತ ಅವತ್ತೇ ಗೊತ್ತಾಯ್ತು. ಆಮೇಲಿಂದ ಮೆತ್ತಗೇ ಹೇಳ್ದೆ. ಅದಾದ ಮೇಲೆ ನಮ್ಮನ್ನ ಯಾರೂ ಎಲ್ಲಿಂದಲೂ ಹೊರಗೆ ಹಾಕಿಲ್ಲ, ನೋಡು."

ಬಾಗಿಲ ಬಳಿ ಮೊಮ್ಮಗಳು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ನನ್ನ ಕಣ್ಣೂ ತುಂಬಿತು, ಇಲ್ಲವೆನ್ನುವುದಿಲ್ಲ. ಅಷ್ಟು ಚಿಕ್ಕ ಹುಡುಗ ಒಂದು ಮನೆಯ ಭಾರವನ್ನು ನಾಲಿಗೆಯ ಮೇಲೆ ಹೊತ್ತುಕೊಂಡು ಬೆಳೆದನಲ್ಲ ಎಂದು ಸಂಕಟವಾಯಿತು. ಆದರೆ ಸಂಕಟದ ಹಿಂದೆಯೇ ಸಿಟ್ಟೂ ಬಂತು. ಇವನ ಮೇಲಲ್ಲ, ಆ ಮಾಲೀಕನ ಮೇಲೆ. ಅವನು ಸತ್ತು ಎಷ್ಟು ವರ್ಷವಾಯಿತೋ ಏನೋ, ಇನ್ನೂ ನನ್ನ ಮಗನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ಕೂತಿದ್ದಾನೆ!

"ನೋಡೋ," ಎಂದೆ. "ಹೊರಗೆ ಹಾಕಿದ್ದು ಅವನು. ನೀನಲ್ಲ. ನೀನು ಮೆತ್ತಗೆ ಹೇಳಿದ್ರೆ ಮನೆ ಉಳೀತಿತ್ತು, ಸರಿ. ಬೂಷ್ಟೂ ಉಳೀತಿತ್ತು. ನಿನಗೆ ಆಗ್ಲೇ ಕೆಮ್ಮು ಶುರುವಾಗಿತ್ತು, ಅದು ನೆನಪಿಲ್ಲ ನಿನಗೆ. ಆ ಮನೆ ಬಿಟ್ಟಿದ್ದಕ್ಕೇ ನೀನು ಉಳಿದೆ. ಆ ಮಾತು ನಾನು ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ."

ನನಗೆ ಇನ್ನೊಂದು ಅನುಮಾನ ಬಂತು. ಅಧ್ಯಕ್ಷರ ಮಾತು ಕಿವಿಯಲ್ಲಿ ಇನ್ನೂ ಇತ್ತು.

"ನಮ್ಮ ಬೀದಿಯಿಂದ ಓಟು ಹಾಕೋರು ಕಡಿಮೆ ಅಂದ್ರಲ್ಲ, ನೀನು ಹಾಕ್ತೀಯ ತಾನೆ? ಕೆಲಸ ಮುಗಿಸ್ಕೊಂಡು ಬಂದು?"

ನಲ್ಲಿಯಿಂದ ಒಂದು ಹನಿ ಬಿತ್ತು. ಅವನು ಅದನ್ನೇ ನೋಡಿದ.

"ಒಂದ್ಸಲಾನೂ ಹಾಕಿಲ್ಲ," ಎಂದ. "ನಮ್ಮ ಪಾಡಿಗೆ ನಾವಿದ್ರೆ ಸಾಕು ಅನ್ನಿಸ್ತಿತ್ತು. ಅವರ ಜಗಳದಲ್ಲಿ ನಮಗೇನು."

"ಅವರ ಜಗಳ? ಇಲ್ಲೇ ಓದಿ, ಇಲ್ಲೇ ದುಡಿದು, ಇಲ್ಲೇ ಮಗಳನ್ನ ಹೆತ್ತು, ಇನ್ನೂ ಅವರ ಜಗಳವೇನೋ?" ಎಂದು ಕೂಗಿದೆ. ಮೇಲಿನ ಮನೆಯವರು ನೆಲ ಕುಟ್ಟಿದರು. ನಾನು ಇನ್ನೂ ಜೋರಾಗಿ ಕೂಗಿದೆ.

ಎರಡನೇ ಸಭೆಯವರೆಗೆ ನಾವು ತಾಯಿ ಮಗ ಅಷ್ಟಾಗಿ ಮಾತಾಡಲಿಲ್ಲ. ಊಟಕ್ಕೆ ಬಾ, ಬಂದೆ, ಅಷ್ಟೇ. ಲಾಂಡ್ರಿಯಲ್ಲಿ ನಾನು ಉದ್ದಕ್ಕನಿಗೆ ವಿಷಯ ತಿಳಿಸಿದೆ. ಗುಡ್ಡ ತೋರಿಸಿದೆ, ಪೆಟ್ಟಿಗೆ ಹೊತ್ತುಕೊಂಡು ಓಡುವವನ ಹಾಗೆ ನಟಿಸಿದೆ, ಮಂಡಿ ಹಿಡಿದುಕೊಂಡೆ, ಮಗನ ಥ್ಯಾಂಕ್ಸಿಗೆ ಕೈಮುಗಿದು ತೋರಿಸಿದೆ, ಉಗಿದೆ. ಅವಳಿಗೆ ಪೂರ್ತಿ ಅರ್ಥವಾಯಿತು. ಅವಳ ಮಗಳೂ ಅವಳಿಗೆ ಹೀಗೇ ಮಾಡುತ್ತಾಳಂತೆ: ಉದ್ದಕ್ಕ ಬೆರಳುಗಳಿಂದ ತನ್ನ ಮಾತು ಇಷ್ಟುದ್ದ ಎಂದು ತೋರಿಸಿದಳು, ಮಗಳು ಹೇಳುವುದು ಇಷ್ಟೇ ಎಂದು ಹೆಬ್ಬೆರಳ ತುದಿ ತೋರಿಸಿದಳು. ಇಬ್ಬರಿಗೂ ಎಷ್ಟು ನಗು ಬಂತೆಂದರೆ ಹಾಸುಬಟ್ಟೆ ಸೊಟ್ಟಗೆ ಒಳಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಸೂಪರ್‌ವೈಸರು ಬಂದು ಬೈದ. ಅವನು ಬೈದದ್ದನ್ನು ಯಾರೂ ಮೆತ್ತಗೆ ಮಾಡಿ ಹೇಳಲಿಲ್ಲ, ಬೈಗುಳ ಬೈಗುಳವಾಗಿಯೇ ಬಂತು.

ಎರಡನೇ ಸಭೆಗೆ ಮೊಮ್ಮಗಳೇ ನನ್ನ ಮಾತು ತಿರುಗಿಸುವುದೆಂದು ಆಗಿತ್ತು. ಹುಡುಗಿ ಬಿಳಿ ಅಂಗಿ ಹಾಕಿಕೊಂಡು, ತಲೆ ಬಿಗಿಯಾಗಿ ಕಟ್ಟಿಕೊಂಡು ತಯಾರಾಗಿದ್ದಳು. ಉದ್ದಕ್ಕ ಬಂದಿದ್ದಳು, ಲಾಂಡ್ರಿಯ ಇನ್ನಷ್ಟು ಹೆಂಗಸರೂ ಬಂದಿದ್ದರು. ನನ್ನ ಹೆಸರು ಕರೆದಾಗ ಮೊಮ್ಮಗಳು ಎದ್ದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಮಗನೂ ಎದ್ದ. ಅಂಗಡಿಯಿಂದ ನೇರವಾಗಿ ಬಂದಿದ್ದ, ಕೊರಳಲ್ಲಿ ಕನ್ನಡಕದ ಅಳತೆ ಪಟ್ಟಿ ಇನ್ನೂ ನೇತಾಡುತ್ತಿತ್ತು.

"ನಾನೇ ಹೇಳ್ತೀನಿ," ಎಂದ.

"ಬೇಡ," ಎಂದೆ.

"ಅಮ್ಮ. ನಾನು ಹೇಳ್ತೀನಿ."

ಮೊಮ್ಮಗಳು ನನ್ನನ್ನು ನೋಡಿದಳು. ನಾನು ಅವಳಿಗೆ ಹೇಳಿದೆ: "ನೀನು ಪಕ್ಕದಲ್ಲೇ ನಿಂತ್ಕೋ. ಒಂದು ಮಾತು ಕಮ್ಮಿ ಆದ್ರೆ ನನಗೆ ಚಿವುಟು."

ಮಗನನ್ನು ಪರೀಕ್ಷೆ ಮಾಡದೆ ಬಿಡುವುದಿಲ್ಲ ಎಂದು ನಿರ್ಧರಿಸಿದೆ. ಮೈಕಿನ ಹತ್ತಿರ ಹೋಗಿ, ಆ ನಗುಮುಖದವರನ್ನೇ ನೋಡುತ್ತ ಹೇಳಿದೆ: "ಮೊದಲು ಇದನ್ನ ಹೇಳು. ಇಷ್ಟು ವರ್ಷದಲ್ಲಿ ನಾನು ನಿಮಗೆ ಒಂದ್ಸಲಾನೂ ಥ್ಯಾಂಕ್ಸ್ ಹೇಳಿಲ್ಲ. ಅದೆಲ್ಲ ನನ್ನ ಮಗ ತಾನಾಗಿ ಸೇರಿಸಿದ್ದು. ಅವನೊಬ್ಬ ಪುಕ್ಕಲ. ಆ ಥ್ಯಾಂಕ್ಸ್ ಎಲ್ಲಾ ನನಗೆ ವಾಪಸ್ ಕೊಡಿ."

ಮಗನ ಕಿವಿ ಕೆಂಪಾಯಿತು. ಅವನು ಮೈಕನ್ನು ಹಿಡಿದುಕೊಂಡ. ನಾನು ಮೊಮ್ಮಗಳ ಕಡೆ ಕೈ ಚಾಚಿಕೊಂಡೇ ನಿಂತೆ, ಚಿವುಟಲಿ ಎಂದು. ಅವನು ಹೇಳಿದ. ಈ ಸಲ ಉದ್ದವಾಗಿ ಹೇಳಿದ. ಮೊಮ್ಮಗಳು ಚಿವುಟಲಿಲ್ಲ, ನನ್ನ ಕೈ ಹಿಡಿದುಕೊಂಡಳು. "ಪುಕ್ಕಲ ಅನ್ನೋದನ್ನೂ ಹೇಳಿದ್ರು ಅಜ್ಜಿ," ಎಂದು ಪಿಸುಗುಟ್ಟಿದಳು.

ಅಧ್ಯಕ್ಷರ ನಗು ಹೋಯಿತು. ಅಬ್ಬ, ಇಂಥವರ ನಗು ಹೋಗುವುದನ್ನು ನೋಡಲು ನಾನು ಎಷ್ಟು ವರ್ಷ ಕಾದಿದ್ದೆ! ಅದರ ಹಿಂದೆ ಒಂದು ಸಾಮಾನ್ಯ, ಸುಸ್ತಾದ ಮುಖವಿತ್ತು.

ಆಮೇಲೆ ನಾನು ಹೇಳಿದ್ದೆಲ್ಲವೂ ಹೋಯಿತು. ರಕ್ತ, ವಾಂತಿ, ಹೆರಿಗೆ, ಕಳ್ಳರು, ನಾಚಿಕೆ. ಒಬ್ಬ ಸದಸ್ಯ ಎದ್ದುನಿಂತು ಕೂಗಿದ. ಅಯ್ಯೋ ಪಾಪ ಎಂದಿದ್ದ ಹೆಂಗಸು ಮುಖ ಗಂಟಿಕ್ಕಿದಳು. ನನಗೆ ಹಿತವಾಯಿತು. ಕೊನೆಗೂ ಇವರು ನನ್ನನ್ನು ನೋಡಿದ ಹಾಗಾಯಿತು.

ಅಧ್ಯಕ್ಷರು ಗಂಟೆ ಬಾರಿಸಿದರು. ಅವರು ಹೇಳಿದ್ದನ್ನು ಮಗ ಸೋಸದೆ ತಿರುಗಿಸಿದ: "ಈ ಥರ ಮಾತಾಡಿದ್ರೆ ಮೈಕ್ ಬಂದ್ ಮಾಡ್ತೀನಿ ಅಂತಿದ್ದಾರೆ. ಮತ್ತೆ ಅದೇ ಹೇಳ್ತಿದ್ದಾರೆ. ನಿಮ್ಮ ಬೀದಿಯವರು ಓಟು ಹಾಕೋದೇ ಇಲ್ಲ, ಹಾಕದೆ ಇರೋವ್ರಿಗೆ ಪೆಟ್ಟಿಗೆ ಯಾಕೆ ಅಂತ."

ನಾನು ಉತ್ತರಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಮಗನೇ ಮಾತಾಡತೊಡಗಿದ್ದ. ನಾನು ಏನೂ ಹೇಳಿರಲಿಲ್ಲ.

"ಏನು ಹೇಳ್ತಿದ್ದಾನೆ?" ಎಂದು ಮೊಮ್ಮಗಳನ್ನು ಕೇಳಿದೆ. "ನಾನು ಇನ್ನೂ ಹೇಳೇ ಇಲ್ಲವಲ್ಲ!"

"ಇದು ನಿನ್ನ ಮಾತಲ್ಲ ಅಜ್ಜಿ. ಅಪ್ಪ ತನ್ನ ಮಾತು ಹೇಳ್ತಿದ್ದಾರೆ."

ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ಮಗನ ಮಾತನ್ನು ಇನ್ನೊಬ್ಬರು ನನಗೆ ತಿರುಗಿಸಿ ಹೇಳಿದರು. ಮೊಮ್ಮಗಳು ನನ್ನ ಕಿವಿಗೆ ಬಾಯಿಟ್ಟು ಹೇಳುತ್ತ ಹೋದಳು.

"ಓಟು ಹಾಕದೆ ಇರೋವ್ನು ನಾನೇ ಅಂತಿದ್ದಾರೆ. 'ನಾನು ಈ ಊರಿನ ಶಾಲೇಲಿ ಓದಿದೋನು. ನಿಮ್ಮಲ್ಲಿ ಇಬ್ಬರಿಗೆ ಕನ್ನಡಕ ನಾನೇ ಮಾಡಿಕೊಟ್ಟಿದ್ದೀನಿ, ಈಗ ಅದನ್ನ ಹಾಕ್ಕೊಂಡೇ ನನ್ನನ್ನ ನೋಡ್ತಿದ್ದೀರಿ. ನಾನು ಯಾಕೆ ಓಟು ಹಾಕ್ಲಿಲ್ಲ ಅಂತ ನೀವು ಯಾವತ್ತೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಚಿಕ್ಕೋನಿದ್ದಾಗ ಒಂದು ನಿಜ ಹೇಳಿ ಬೀದಿಗೆ ಬಿದ್ದೆ, ಅದಕ್ಕೇ ಸುಮ್ನಿದ್ದೆ. ನಾನು ಸುಮ್ನಿದ್ದಿದ್ದನ್ನ ನೋಡಿ ನೀವು ನನಗೆ ಓಟೇ ಬೇಡ ಅಂತ ತಿಳ್ಕೊಂಡ್ರಿ.'"

ಅಧ್ಯಕ್ಷರು ಮತ್ತೆ ಗಂಟೆ ಬಾರಿಸಿದರು. ಮಗ ನಿಲ್ಲಿಸಲಿಲ್ಲ. ಮೈಕು ಬಂದ್ ಆಯಿತು. ಆಗಲೂ ನಿಲ್ಲಿಸಲಿಲ್ಲ, ದನಿ ಏರಿಸಿದ. ಅದು ನನ್ನದೇ ದನಿ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದನೋ!

"'ಗುಡ್ಡದ ಮೇಲಿಡಿ, ಗುಡ್ಡದ ಆಚೆಗಿಡಿ, ನಾವು ಬರ್ತೀವಿ. ನಮ್ಮನ್ನ ಎಲ್ಲಿಂದ ಬೇಕಾದ್ರೂ ಹೊರಗೆ ಹಾಕಬಹುದು ಅಂತ ಅಂದ್ಕೊಂಡಿದ್ದೆ. ಇನ್ಮೇಲೆ ಆಗಲ್ಲ,' ಅಂತಿದ್ದಾರೆ ಅಜ್ಜಿ."

ಪೆಟ್ಟಿಗೆ ವಾಪಸ್ ಬರಲಿಲ್ಲ. ಸದಸ್ಯರು ಕೈ ಎತ್ತಿ ತೀರ್ಮಾನಿಸಿಬಿಟ್ಟರು: ಈ ಸಲ ಕ್ಲಬ್ಬಿನಲ್ಲೇ. ಎಷ್ಟು ಜನ ಬರುತ್ತಾರೋ ನೋಡಿ ಮುಂದಿನ ಸಲಕ್ಕೆ ಯೋಚನೆ ಮಾಡುತ್ತಾರಂತೆ. ಸೋತೆವು ಎಂದು ಅಳಲು ಪುರುಸೊತ್ತೆಲ್ಲಿತ್ತು? ಮೊಮ್ಮಗಳು ಬೀದಿಯ ಒಂದೊಂದೇ ಬಾಗಿಲು ಬಡಿದಳು. ಮಗ ಅಂಗಡಿಗೆ ಬಂದ ಗಿರಾಕಿಗಳ ಕಣ್ಣು ಪರೀಕ್ಷೆ ಆಗುವಾಗ, ಅವರು ಎದ್ದು ಹೋಗಲಾರದ ಸಮಯ ನೋಡಿ, ಓಟಿನ ಮಾತು ತೆಗೆದ. ನಾನು ಲಾಂಡ್ರಿಯಲ್ಲಿ ಕೂಗಿದೆ. ನನಗೆ ಬರುವುದು ಅದೊಂದೇ.

ಓಟಿನ ದಿನ ಪಾಳಿ ಮುಗಿದ ಕೂಡಲೇ ಹೊರಟೆವು. ಮಗ ಕಾರು ತರುತ್ತೇನೆ ಎಂದ. ಬೇಡ, ನಡೆದೇ ಹೋಗೋಣ, ಅವರು ನೋಡಲಿ ಎಂದೆ. ಹೆದ್ದಾರಿಯ ಬಳಿ ಉದ್ದಕ್ಕ ಎರಡು ಕೈ ಚಾಚಿ ಗಾಡಿಗಳನ್ನು ನಿಲ್ಲಿಸಿದಳು. ಗುಡ್ಡದ ದಾರಿಯುದ್ದಕ್ಕೂ ನಮ್ಮ ಬೀದಿಯವರು: ಕೆಲಸದ ಬಟ್ಟೆಯಲ್ಲೇ ಬಂದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎಂದೂ ಮನೆ ಬಿಟ್ಟು ಬರದ ಅಜ್ಜಂದಿರು. ಎಲ್ಲರೂ ಬಂದರು ಎಂದು ಸುಳ್ಳು ಹೇಳಲಾರೆ. ಬಾಗಿಲು ಹಾಕಿಕೊಂಡು ಒಳಗೇ ಕೂತವರೂ ಇದ್ದರು. ಆದರೂ ಸಾಲು ಕ್ಲಬ್ಬಿನ ಬಾಗಿಲಿನಿಂದ ಹೊರಗೆ ಬಂದು, ಹಸಿರು ಮೈದಾನ ಸುತ್ತಿ, ಕಾರು ನಿಲ್ಲಿಸುವ ಜಾಗದವರೆಗೂ ಇತ್ತು. ಕಾರಿನವರಿಗೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ನನ್ನ ಮಂಡಿ ಪ್ರಾಣ ಹಿಂಡುತ್ತಿತ್ತು. ಆ ಸುದ್ದಿ ಯಾರ ಹತ್ತಿರವೂ ಎತ್ತಲಿಲ್ಲ.

ಬಾಗಿಲಲ್ಲಿದ್ದ ಹೆಂಗಸು ನನ್ನನ್ನು ನೋಡಿ ಮಗನ ಹತ್ತಿರ ಏನೋ ಕೇಳಿದಳು.

"ನಿನಗೆ ಕಷ್ಟ ಆದ್ರೆ ಜೊತೆಗೆ ಯಾರಾದ್ರೂ ಒಳಗೆ ಬರಬಹುದಂತೆ," ಎಂದ.

"ಬೇಡ ಅನ್ನು. ಅಲ್ಲಿ ನನ್ನ ಕೈಯೇ ಮಾತಾಡುತ್ತೆ."

ಅವನು ಅಷ್ಟನ್ನೂ ಇದ್ದ ಹಾಗೆಯೇ ಹೇಳಿದನೆಂದು ಆ ಹೆಂಗಸಿನ ಮುಖ ನೋಡಿಯೇ ಗೊತ್ತಾಯಿತು.

ನಾನು ಹಾಕಿ ಬಂದೆ. ಮೊಮ್ಮಗಳು ಹಾಕಿ ಬಂದಳು, ಕುಣಿದುಕೊಂಡು. ಮಗ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ನಲವತ್ತರ ಹತ್ತಿರದ ಗಂಡಸು, ಪರದೆಯ ಹಿಂದೆ ಏನು ಮಾಡಬೇಕೆಂದು ಗೊತ್ತಾಗದೆ ನಿಂತಿದ್ದಾನೋ, ಅಳುತ್ತಿದ್ದಾನೋ ಎಂದು ನನಗೆ ಚಿಂತೆಯಾಯಿತು. ಕೊನೆಗೆ ಬಂದ. ಮುಖ ತೊಳೆದು ಬಂದವನ ಹಾಗೆ ಇದ್ದ.

"ಯಾರಿಗೆ ಹಾಕ್ದೆ?" ಎಂದು ಕೇಳಿದೆ.

"ಹೇಳಲ್ಲ."

"ನನಗೂ ಹೇಳಲ್ವೇನೋ?"

"ನಿನಗೂ ಹೇಳಲ್ಲ ಅಮ್ಮ. ಅದು ನನ್ನದು."

ಮುಂದೆ ಒಂದು ಕ್ಷಮಿಸು ಇಲ್ಲ, ಹಿಂದೆ ಒಂದು ಥ್ಯಾಂಕ್ಸ್ ಇಲ್ಲ. ಹುಟ್ಟಿದಾಗಿನಿಂದ ನನ್ನ ಮಗ ನನಗೆ ಕೊಟ್ಟ ಮೊದಲನೇ ಒರಟು ಉತ್ತರ ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ: "ಸರಿ ಹೋಗೋ, ನಾನೂ ಹೇಳಲ್ಲ!"